ಟಿಕೆಟ್ ಇಲ್ಲದ ಆಟ: ಬೇಸಿಗೆಯ ಬಯಲಲ್ಲಿ ಕೂತು ನಾಟಕ ನೋಡುವ ಬಗೆ



ಪರೀಕ್ಷೆ ಮುಗಿಯಿತು. ಇನ್ನು ಎರಡು ತಿಂಗಳು ಬಳ್ಳಾರಿಯ ಬಿಸಿಲು 40 ಡಿಗ್ರಿಯ ಆಚೆ ಈಚೆ ಆಡುವ ಕಾಲ. ಹಗಲು ಹೊರಗೆ ಕಾಲಿಡುವ ಹಾಗಿಲ್ಲ, ರಾತ್ರಿ ಒಳಗೆ ಮಲಗುವ ಹಾಗಿಲ್ಲ. ಸುಗ್ಗಿ ಮುಗಿದು ಹೊಲ ಬರಿದಾಗಿ, ಜನರ ಕೈಗೆ ನಾಲ್ಕು ಕಾಸು ಮತ್ತು ನಾಲ್ಕು ದಿನದ ಬಿಡುವು ಸಿಗುವ ಈ ದಿನಗಳಲ್ಲೇ ಸಿರುಗುಪ್ಪ, ಕುರುಗೋಡು, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಬಯಲಾಟ ನಡೆಯುತ್ತದೆ. ಮಳೆ ನಂಬಿದ ಜೋಳದ ಹೊಲದವರಿಗೆ ಬಿಡುವು ಬೇಗ ಸಿಗುತ್ತದೆ. ಕಾಲುವೆ ನೀರಿನ ಸಿರುಗುಪ್ಪದಲ್ಲಿ ಎರಡನೇ ಭತ್ತದ ಕೊಯ್ಲು ಮುಗಿಯುವವರೆಗೆ ಕಾಯಬೇಕು. ಒಟ್ಟಿನಲ್ಲಿ ಮುಂಗಾರು ಬರುವಷ್ಟರಲ್ಲಿ ಆಟ ಆಗಿರಬೇಕು.

ನಿಮ್ಮಲ್ಲಿ ಬಹಳ ಮಂದಿ ಈ ಊರುಗಳಿಂದಲೇ ದಿನಾ ಬಸ್ಸು ಹಿಡಿದು ಬರುವವರು. ಆದರೆ ಒಂದು ಬಯಲಾಟವನ್ನು ಮೊದಲಿನಿಂದ ಕೊನೆಯವರೆಗೆ ನೋಡಿದವರು ಕೈ ಎತ್ತಿ ಎಂದರೆ ಏಳುವ ಕೈಗಳು ಎರಡೋ ಮೂರೋ. ಉಳಿದವರು ಹೇಳುವುದು ಒಂದೇ: “ಅರ್ಧ ಗಂಟೆ ನಿಂತು ನೋಡಿದೆ, ಏನೂ ತಿಳಿಯಲಿಲ್ಲ, ಬಂದುಬಿಟ್ಟೆ.” ಇದರಲ್ಲಿ ನಿಮ್ಮ ತಪ್ಪಿಲ್ಲ. ಕ್ರಿಕೆಟ್ಟಿನ ನಿಯಮ ತಿಳಿಯದವನಿಗೆ ಅದು ಒಬ್ಬ ಎಸೆಯುವ, ಒಬ್ಬ ಹೊಡೆಯುವ, ಹನ್ನೊಂದು ಮಂದಿ ಸುಮ್ಮನೆ ನಿಲ್ಲುವ ಆಟ. ಬಯಲಾಟಕ್ಕೂ ನಿಯಮಗಳಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ವಿವರಿಸುತ್ತೇನೆ. ಅದಕ್ಕೆ ಮೊದಲು ‘ಪ್ರವೇಶ ಉಚಿತ’ ಎಂಬ ಎರಡು ಪದಗಳನ್ನು ನೋಡೋಣ. ಎಲ್ಲ ತಪ್ಪು ತಿಳಿವಳಿಕೆ ಶುರುವಾಗುವುದು ಅಲ್ಲಿಂದಲೇ ಎಂದು ನನ್ನ ಅನಿಸಿಕೆ.

ಉಚಿತ ಎಂದರೆ ಯಾರಿಗೆ ಉಚಿತ?

ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಎಂಬ ಮಾತು ರೂಢಿಯಲ್ಲಿದೆ. ಒಂದು ದೊಡ್ಡಾಟದ ಲೆಕ್ಕವನ್ನು ಬಿಡಿಸಿ ನೋಡಿ. ಕಲಿಸುವ ಮಾಸ್ತರರಿಗೆ ತಿಂಗಳುಗಟ್ಟಲೆ ಊಟ, ವಸತಿ, ಸಂಭಾವನೆ. ಹಾರ್ಮೋನಿಯಂ, ಮದ್ದಳೆಯವರಿಗೆ ಪ್ರತ್ಯೇಕ. ಕಿರೀಟ, ಭುಜಕೀರ್ತಿ, ಎದೆಕಟ್ಟು, ಪೋಷಾಕು ಎಲ್ಲ ಬಾಡಿಗೆಗೆ. ವೇದಿಕೆ, ಪರದೆ, ದೀಪ, ಮೈಕು ಬಾಡಿಗೆಗೆ. ಹೆಣ್ಣು ಪಾತ್ರಕ್ಕೆ ಪಟ್ಟಣದಿಂದ ಕಲಾವಿದೆಯರನ್ನು ಕರೆಸಿದರೆ ಅವರ ಗೌರವಧನ, ಪ್ರಯಾಣದ ಖರ್ಚು. ಇದಕ್ಕೆಲ್ಲ ಊರಲ್ಲಿ ಪಟ್ಟಿ ಎತ್ತುತ್ತಾರೆ. ಅನೇಕ ಊರುಗಳಲ್ಲಿ ಪಾತ್ರ ಮಾಡುವವರೇ ಕೈಯಿಂದ ಹಣ ಹಾಕುತ್ತಾರೆ. ಇದನ್ನು ಎರಡು ಸಲ ಓದಿ. ಸಿನಿಮಾದಲ್ಲಿ ನಟನಿಗೆ ಹಣ ಕೊಡುತ್ತಾರೆ. ಇಲ್ಲಿ ದುರ್ಯೋಧನನ ಪಾತ್ರ ಮಾಡುವ ರೈತ, ಆ ಪಾತ್ರ ಮಾಡುವುದಕ್ಕಾಗಿ ತಾನೇ ಹಣ ಕೊಟ್ಟು, ತಿಂಗಳುಗಟ್ಟಲೆ ರಾತ್ರಿ ನಿದ್ದೆಗೆಟ್ಟು ಮಾತು ಬಾಯಿಪಾಠ ಮಾಡಿ, ಒಂದೇ ಒಂದು ರಾತ್ರಿ ಬಣ್ಣ ಹಚ್ಚುತ್ತಾನೆ. ಮರುದಿನ ಮತ್ತೆ ಹೊಲಕ್ಕೆ ಹೋಗುತ್ತಾನೆ.

ಆಟದ ನಡುವೆ ನೆಂಟರು, ಗೆಳೆಯರು ವೇದಿಕೆ ಹತ್ತಿ ಹಾರ ಹಾಕಿ, ಬಟ್ಟೆಯೋ ನೋಟೋ ಕೊಡುತ್ತಾರೆ. ಮೈಕಿನಲ್ಲಿ ಹೆಸರು ಕೂಗುತ್ತಾರೆ. ಹೊಸಬರಿಗೆ ಇದು ಕಿರಿಕಿರಿ. ಯುದ್ಧ ನಿಲ್ಲಿಸಿ ಅರ್ಜುನನಿಗೆ ಶಾಲು ಹೊದಿಸುವುದೇನು ಎಂದು ನಗು ಬರುತ್ತದೆ. ಆದರೆ ಮದುವೆಯಲ್ಲಿ ಆಯಾರ ಮಾಡುವ ಹಾಗೆಯೇ ಇದೂ. ಊರು ತನ್ನ ಮಗನ ಖರ್ಚಿನಲ್ಲಿ ಪಾಲು ಹೊರುವ ರೀತಿ ಅದು. (ಮೈಕಿನಲ್ಲಿ ಹೆಸರು ಕೂಗುವುದು ಮಾತ್ರ ಈಚೆಗೆ ಅತಿಯಾಗಿದೆ. ಅದನ್ನು ನಾನು ಸಮರ್ಥಿಸಲಾರೆ.)

ಜಗತ್ತಿನ ಬೇರೆ ಕಡೆಗಳಲ್ಲೂ ಬಯಲಿನ ನಾಟಕದ ಇತಿಹಾಸದಲ್ಲಿ ಇದೇ ಪ್ರಶ್ನೆ ಬರುತ್ತದೆ. ಪ್ರಾಚೀನ ಅಥೆನ್ಸಿನಲ್ಲಿ ನಾಟಕಗಳು ಗುಡ್ಡದ ಇಳಿಜಾರಿನ ಬಯಲು ರಂಗದಲ್ಲಿ ಆಗುತ್ತಿದ್ದವು. ಪ್ರವೇಶಕ್ಕೆ ಎರಡು ಓಬೊಲ್ ನಾಣ್ಯ ಕೊಡಬೇಕಿತ್ತು. ಬಡ ನಾಗರಿಕರು ಹೊರಗುಳಿಯಬಾರದೆಂದು ಆ ಹಣವನ್ನು ಕೊಡಲು ಸರ್ಕಾರವೇ ಒಂದು ನಿಧಿ ಇಟ್ಟಿತ್ತು. ಈಚಿನ ಕಾಲಕ್ಕೆ ಬಂದರೆ, ಅಮೆರಿಕದ ನ್ಯೂಯಾರ್ಕಿನಲ್ಲಿ ಜೋಸೆಫ್ ಪ್ಯಾಪ್ ಎಂಬಾತ 1950ರ ದಶಕದಲ್ಲಿ ಬೇಸಿಗೆಯ ಸಂಜೆ ಉದ್ಯಾನದಲ್ಲಿ ಶೇಕ್ಸ್‌ಪಿಯರ್ ನಾಟಕಗಳನ್ನು ಉಚಿತವಾಗಿ ಆಡಿಸತೊಡಗಿದ. ಉದ್ಯಾನದ ಅಧಿಕಾರಿ ರಾಬರ್ಟ್ ಮೋಸೆಸ್, ‘ಜನ ಕೂತು ಹುಲ್ಲು ಹಾಳಾಗುತ್ತಿದೆ, ಟಿಕೆಟ್ ಇಟ್ಟು ಅದರ ಖರ್ಚು ಕೊಡಿ’ ಎಂದು ಪಟ್ಟು ಹಿಡಿದ. ಪ್ಯಾಪ್ ಒಪ್ಪಲಿಲ್ಲ. 1959ರಲ್ಲಿ ಆ ಜಗಳ ನ್ಯಾಯಾಲಯದ ಮೆಟ್ಟಿಲು ಹತ್ತಿತು, ಪ್ಯಾಪ್ ಗೆದ್ದ. 1962ರಲ್ಲಿ ಅದೇ ಸೆಂಟ್ರಲ್ ಪಾರ್ಕಿನಲ್ಲಿ ಡೆಲಕೋರ್ಟ್ ಎಂಬ ಬಯಲು ರಂಗಮಂದಿರ ಎದ್ದಿತು. ಉಚಿತ ಚೀಟಿಗಾಗಿ ಜನ ಅಲ್ಲಿ ಬೆಳಗಿನಿಂದ ಸಾಲು ನಿಲ್ಲುತ್ತಾರೆ.

ನಮ್ಮ ದೇಶದಲ್ಲಿ ಈ ಬೆಲೆ ಒಮ್ಮೆ ಜೀವವೇ ಆಯಿತು. 1989ರ ಜನವರಿ 1ರಂದು ದೆಹಲಿ ಪಕ್ಕದ ಸಾಹಿಬಾಬಾದಿನ ಝಂಡಾಪುರದಲ್ಲಿ ‘ಹಲ್ಲಾ ಬೋಲ್’ ಬೀದಿ ನಾಟಕ ಆಡುತ್ತಿದ್ದಾಗ ಸಫ್ದರ್ ಹಾಶ್ಮಿ ಮತ್ತು ಸಂಗಡಿಗರ ಮೇಲೆ ದಾಳಿ ನಡೆಯಿತು. ರಾಮ್ ಬಹದ್ದೂರ್ ಎಂಬ ಕಾರ್ಮಿಕ ಅಂದೇ ಸತ್ತರು. ಮರುದಿನ ಹಾಶ್ಮಿ ತೀರಿಕೊಂಡರು, ಆಗ ಅವರಿಗೆ 34 ವರ್ಷ. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ, ಅರ್ಧಕ್ಕೆ ನಿಂತ ನಾಟಕವನ್ನು ಪೂರ್ತಿ ಆಡಿದರು. ಹಾಶ್ಮಿ ಹುಟ್ಟಿದ ಏಪ್ರಿಲ್ 12ನ್ನು ಬೀದಿ ನಾಟಕ ದಿನವಾಗಿ ಆಚರಿಸುತ್ತಾರೆ. ಕರ್ನಾಟಕದಲ್ಲಿಯೂ 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡ 1979ರಲ್ಲಿ ಜಾಥಾ ಹೊರಟು, ಊರೂರ ಚೌಕದಲ್ಲಿ ‘ಬೆಲ್ಚಿ’ ನಾಟಕ ಆಡಿತು. ಅದಕ್ಕೂ ಟಿಕೆಟ್ ಇರಲಿಲ್ಲ.

ವಿಶ್ವವಿದ್ಯಾಲಯದ ಬಯಲು

ವಿಶ್ವವಿದ್ಯಾಲಯಗಳು ಬಯಲು ರಂಗಮಂದಿರ ಕಟ್ಟಿಸುವುದು ಏಕೆ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಒಂದಿದೆ. ದಸರೆಯ ಸಮಯದಲ್ಲಿ ನಡೆಯುವ ‘ಯುವ ಸಂಭ್ರಮ’ದಲ್ಲಿ ಕಾಲೇಜು ವಿದ್ಯಾರ್ಥಿಗಳು ಕುಣಿಯುವುದು ಅಲ್ಲೇ. ನಮಗೆ ಹತ್ತಿರದ್ದು ಹಂಪಿ ಕನ್ನಡ ವಿಶ್ವವಿದ್ಯಾಲಯದ್ದು. 1991ರಲ್ಲಿ ಹುಟ್ಟಿದ ಈ ವಿಶ್ವವಿದ್ಯಾಲಯ, 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿ ಪದವಿ ಪ್ರದಾನ ಸಮಾರಂಭಕ್ಕೆ ‘ನುಡಿಹಬ್ಬ’ ಎಂದು ಹೆಸರು. ಅದು ‘ನವರಂಗ’ ಎಂಬ ಬಯಲು ರಂಗಮಂದಿರದಲ್ಲಿ ಆಕಾಶದ ಕೆಳಗೆ ನಡೆಯುತ್ತದೆ. ಅಲ್ಲಿ ಕೊಡುವ ‘ನಾಡೋಜ’ ಗೌರವ ಪದವಿಯನ್ನು ಪಡೆದವರಲ್ಲಿ ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣನವರೂ ಒಬ್ಬರು. ತೊಗಲುಗೊಂಬೆ ಆಟವೂ ರಾತ್ರಿಯ ಬಯಲಿನದೇ. ಬಿಳಿ ಪರದೆಯ ಹಿಂದೆ ದೀಪ, ನಡುವೆ ಬಣ್ಣ ಹಾಕಿದ ಚರ್ಮದ ಗೊಂಬೆ. ವೀರಣ್ಣನವರು ರಾಮಾಯಣದ ಜೊತೆಗೆ ಗಾಂಧೀಜಿಯ ಜೀವನವನ್ನೂ ‘ಬಾಪು’ ಎಂಬ ಗೊಂಬೆಯಾಟವಾಗಿ ಆಡಿಸಿದರು. 2023ರಲ್ಲಿ ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡರು.

ನನಗೆ ತೋರುವ ಉತ್ತರ ಇದು. ಸಭಾಂಗಣಕ್ಕೆ ಬಾಗಿಲು ಇರುತ್ತದೆ, ಬಾಗಿಲಲ್ಲಿ ಒಬ್ಬ ನಿಂತಿರುತ್ತಾನೆ. ಬಯಲು ರಂಗಕ್ಕೆ ಪಕ್ಕದ ಹಳ್ಳಿಯ ಅಜ್ಜಿ ಮೊಮ್ಮಗನ ಕೈ ಹಿಡಿದು ಬಂದು ಮೆಟ್ಟಿಲ ಮೇಲೆ ಕೂತರೆ ಯಾರೂ ಏನೂ ಕೇಳುವುದಿಲ್ಲ. ವಿಶ್ವವಿದ್ಯಾಲಯದೊಳಗೆ ಆಕೆ ಕಾಲಿಡುವುದು ಬಹುಶಃ ಅದೊಂದೇ ಸಲ. ಅಲ್ಲಿ ಖರ್ಚು ವಿಶ್ವವಿದ್ಯಾಲಯದ್ದು, ಅಂದರೆ ತೆರಿಗೆ ಕಟ್ಟುವ ನಿಮ್ಮ ಮನೆಯವರದು. ಹಾಗಾಗಿ ನಿಮ್ಮಲ್ಲಿ ಯಾರಾದರೂ ಪದವಿಗೆ, ಎಂ.ಎ.ಗೆ ಹೋಗಿ, ಕ್ಯಾಂಪಸ್ಸಿನಲ್ಲಿ ಸಂಜೆ ನಾಟಕ ಇದೆ ಎಂದು ಸೂಚನಾ ಫಲಕ ನೋಡಿದರೆ, ‘ನಮಗೇಕೆ’ ಎಂದು ಹಾಸ್ಟೆಲಿಗೆ ತಿರುಗಬೇಡಿ. ನಿಮ್ಮ ಮನೆಯವರು ಆಗಲೇ ಹಣ ಕಟ್ಟಿದ್ದಾರೆ.

ಬಳ್ಳಾರಿ ನಗರದ ನಾಟಕದ ಕಥೆ ಬೇರೆ, ಅದು ಛಾವಣಿಯ ಕೆಳಗಿನ ಕಥೆ. ಧರ್ಮವರಂ ರಾಮಕೃಷ್ಣಮಾಚಾರ್ಯ, ಕೋಲಾಚಲಂ ಶ್ರೀನಿವಾಸರಾವ್ ಎಂಬ ಇಬ್ಬರು ವಕೀಲರು ಇಲ್ಲಿ ತೆಲುಗು ನಾಟಕ ಬರೆದು ಆಡಿಸಿದರು. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವ (1880–1946), ಅವರೂ ವಕೀಲರೇ, ಪಠಾಣ ರುಸ್ತುಮನ ಪಾತ್ರದಿಂದ ಮನೆಮಾತಾದರು. ಇಂದಿನ ರಾಘವ ಕಲಾಮಂದಿರ ಅವರ ಹೆಸರಿನದು. ಅದರ ಬಗ್ಗೆ ಇನ್ನೊಮ್ಮೆ ಬರೆಯಬೇಕು.

ಬಯಲಲ್ಲಿ ದನಿ ಹೇಗೆ ಹೋಗುತ್ತದೆ: ವಿಜ್ಞಾನ ವಿಭಾಗದವರು ಗಮನಿಸಿ

ಬಯಲಾಟದವರು ಅಷ್ಟು ಜೋರಾಗಿ ಏಕೆ ಕೂಗುತ್ತಾರೆ, ಅಷ್ಟು ದೊಡ್ಡ ಕಿರೀಟ ಏಕೆ, ಹೇಳಿದ್ದನ್ನೇ ಏಕೆ ಮತ್ತೆ ಹೇಳುತ್ತಾರೆ? ಮೂರಕ್ಕೂ ಉತ್ತರ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿದೆ.

ಗೋಡೆ ಇಲ್ಲದ ಜಾಗದಲ್ಲಿ ಶಬ್ದ ಎಲ್ಲ ಕಡೆ ಹರಡಿಹೋಗುತ್ತದೆ. ದೂರ ಎರಡು ಪಟ್ಟಾದಾಗಲೆಲ್ಲ ಮಟ್ಟ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಎಂದಿಟ್ಟುಕೊಳ್ಳಿ. 2, 4, 8, 16, 32 ಮೀಟರ್: ಐದು ಸಲ ಎರಡು ಪಟ್ಟಾಯಿತು, 30 ಡೆಸಿಬಲ್ ಹೋಯಿತು. 32 ಮೀಟರ್ ಆಚೆ ಕೂತವನಿಗೆ ಉಳಿಯುವುದು 30 ಡೆಸಿಬಲ್, ಪಿಸುಮಾತಿನಷ್ಟು. ಸಭಾಂಗಣದಲ್ಲಿ ಗೋಡೆ, ಛಾವಣಿ ಶಬ್ದವನ್ನು ಹಿಂದಕ್ಕೆ ಕಳಿಸಿ ಸಹಾಯ ಮಾಡುತ್ತವೆ. ಬಯಲಲ್ಲಿ ಆ ಸಹಾಯ ಇಲ್ಲ. ಮೈಕು ಇಲ್ಲದ ಕಾಲದಲ್ಲಿ ಕಣದ ತುದಿಯಲ್ಲಿ ಕೂತವನಿಗೂ ಕೇಳಿಸಬೇಕಾದರೆ ಸ್ವರ ತಾರಕಕ್ಕೆ ಏರಲೇಬೇಕು. ಮುಖವೀಣೆಯ ಚೂಪು ದನಿ, ಮದ್ದಳೆಯ ಪೆಟ್ಟು, ತಾಳದ ಕಂಚು ಎಲ್ಲವನ್ನೂ ಬಯಲೇ ಆರಿಸಿಕೊಂಡಿದೆ.

ರಾತ್ರಿಯೇ ಏಕೆ? ಹಗಲಿನ ಸೆಕೆ ಒಂದು ಕಾರಣ, ಇನ್ನೊಂದೂ ಇದೆ. ಶಬ್ದದ ವೇಗ ಗಾಳಿಯ ಉಷ್ಣತೆಯ ಜೊತೆ ಏರುತ್ತದೆ. 28 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 348 ಮೀಟರ್, 40 ಡಿಗ್ರಿಯಲ್ಲಿ 355. ಹಗಲು ನೆಲ ಕಾದು ನೆಲದ ಪಕ್ಕದ ಗಾಳಿ ಬಿಸಿ, ಮೇಲೆ ತಂಪು. ಆಗ ಶಬ್ದ ಮೇಲಕ್ಕೆ ಬಾಗಿ ದೂರ ಕೂತವರ ತಲೆಯ ಮೇಲೆ ಹಾದುಹೋಗುತ್ತದೆ. ಬಿಸಿಲಲ್ಲಿ ರಸ್ತೆಯ ಮೇಲೆ ನೀರಿದ್ದಂತೆ ಕಾಣುವ ಮರೀಚಿಕೆಗೆ ಬೆಳಕು ಬಾಗುವುದೂ ಹೀಗೆಯೇ. ನಿರ್ಮಲವಾದ, ಗಾಳಿ ಇಲ್ಲದ ರಾತ್ರಿಯಲ್ಲಿ ಇದು ತಿರುಗುಮುರುಗು: ನೆಲ ಬೇಗ ಆರುತ್ತದೆ, ಕೆಳಗಿನ ಗಾಳಿ ತಂಪು, ಮೇಲಿನದು ಬೆಚ್ಚಗೆ. ಶಬ್ದ ಕೆಳಕ್ಕೆ ಬಾಗಿ ಜನರ ಕಡೆಗೇ ಬರುತ್ತದೆ. ಮೂರು ಹೊಲದಾಚೆಯ ಊರಿಗೂ ಮದ್ದಳೆ ಕೇಳಿಸುವುದು ಅದಕ್ಕೆ. ಈ ಲೆಕ್ಕ ಓದದ ಹಳ್ಳಿಗರು ಅನುಭವದಿಂದ ಸರಿಯಾದ ಹೊತ್ತನ್ನೇ ಆರಿಸಿಕೊಂಡಿದ್ದರು.

ಬೆಳಕಿನದೂ ಹಾಗೆಯೇ. ಹಿಂದೆ ಪಂಜು, ಆಮೇಲೆ ಪೆಟ್ರೋಮ್ಯಾಕ್ಸ್. ಆ ಮಂದ ಬೆಳಕಿನಲ್ಲಿ ಹುಬ್ಬು ಕುಣಿಸಿದರೆ ಯಾರಿಗೆ ಕಾಣಬೇಕು? ಅದಕ್ಕೇ ಅಗಲವಾದ ಭುಜಕೀರ್ತಿ, ಕನ್ನಡಿ ಚೂರು, ಮಿಂಚುವ ಹಾಳೆ, ದಪ್ಪ ಬಣ್ಣ. ನಟ ಸ್ವಲ್ಪ ತಿರುಗಿದರೂ ಮೈಯೆಲ್ಲ ಫಳ್ಳೆನ್ನಬೇಕು. ಮೊಬೈಲಿನ ಪರದೆಯ ಮೇಲೆ ಅದೇ ವೇಷ ಅತಿಯಾಗಿ, ನಗೆಪಾಟಲಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಅದನ್ನು ಮಾಡಿದ್ದು ಆರು ಇಂಚಿನ ಪರದೆಗಲ್ಲ.

ಇಂದು ಮೈಕು, ವಿದ್ಯುತ್ ದೀಪ ಬಂದಿವೆ. ಅವುಗಳ ಜೊತೆ ಕಾನೂನೂ ಬಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷದಲ್ಲಿ ಕೆಲವು ದಿನ ಮಾತ್ರ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನವರೆಗೆ ನಡೆಯುವುದೇ ಬಯಲಾಟದ ಕ್ರಮ. ಪಕ್ಕದ ಮನೆಯಲ್ಲಿ ಕಾಯಿಲೆಯವರು, ಓದುವ ಮಕ್ಕಳು ಇರುತ್ತಾರೆ ಎಂಬುದೂ ನಿಜ. ಎರಡು ಮೂರು ಗಂಟೆಗೆ ಇಳಿಸಿದ ಆಟಗಳು ಈಗ ಬರುತ್ತಿವೆ. ಇಡೀ ರಾತ್ರಿಯ ಆಟವನ್ನು ಮೈಕಿಲ್ಲದೆ, ಕಡಿಮೆ ಜನರಿಗೆ ಆಡಲಾದೀತೇ ಎಂದು ನನಗೆ ಕುತೂಹಲ. ಅಂಥ ಕಂಠಗಳು ಇನ್ನೂ ಇವೆಯೇ ಎಂಬುದೇ ಪ್ರಶ್ನೆ.

ತಾಲೀಮು ಎಂಬ ಪದ

ನಾಟಕದ ಅಭ್ಯಾಸಕ್ಕೆ ನಮ್ಮ ಕಡೆ ‘ತಾಲೀಮು’ ಎನ್ನುತ್ತಾರೆ. ಮನೆಯಲ್ಲಿ ಉರ್ದು, ದಖ್ಖನಿ ಮಾತಾಡುವ ನಿಮಗೆ ಈ ಪದ ಹೊಸದಲ್ಲ. ತಾಲೀಮ್ ಎಂದರೆ ಶಿಕ್ಷಣ. ಅರಬ್ಬಿ ಮೂಲದ ಪದ. ನಾವು ಕಾಲೇಜಿನಲ್ಲಿ ಪಡೆಯುವುದಕ್ಕೂ, ಹಳ್ಳಿಯ ಕಟ್ಟೆಯ ಮೇಲೆ ರಾತ್ರಿ ಹೊತ್ತು ರೈತರ ಮಕ್ಕಳು ಪಡೆಯುವುದಕ್ಕೂ ಒಂದೇ ಹೆಸರು. ಗರಡಿಯಲ್ಲಿಯೂ ತಾಲೀಮು, ಅಲ್ಲಿ ಕಲಿಸುವವನು ವಸ್ತಾದಿ, ನಮ್ಮ ಉಸ್ತಾದ್. ಪೋಷಾಕು, ಪರದೆ ಪಾರಸಿಯಿಂದ ಬಂದವು. ದರ್ಬಾರು, ಸವಾಲು, ಜವಾಬು, ಖರ್ಚು, ಬಾಕಿ: ಬಯಲಾಟದವರ ಬಾಯಲ್ಲಿ ಇವೆಲ್ಲ ಅಚ್ಚ ಕನ್ನಡದ ಪದಗಳೇ ಆಗಿವೆ. ದುರ್ಯೋಧನನೇ ದರ್ಬಾರು ನಡೆಸುತ್ತಾನೆ.

ಪದಗಳ ಹಿಂದೆ ಜನರೂ ಇದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬಯಲಾಟದ ಪಾತ್ರ ಮಾಡುವ, ಹಾರ್ಮೋನಿಯಂ ನುಡಿಸುವ, ಆಟ ಕಲಿಸುವ ಮುಸ್ಲಿಮರು ಅಪರೂಪವೇನಲ್ಲ. ಇತ್ತ ಮೊಹರಂನಲ್ಲಿ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುವ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಹಿಂದೂಗಳೂ ಹಾಗೆಯೇ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಕರ್ನಾಟಕದ ಮೊಹರಂ ಬಗ್ಗೆ ಊರೂರು ಸುತ್ತಿ ಬರೆದಿದ್ದಾರೆ. ಆಸಕ್ತಿ ಇದ್ದವರು ಓದಬಹುದು.

“ಸರ್, ಅದು ಪುರಾಣದ ಕಥೆ, ನಮಗೇನು?” ಎಂದು ಕೇಳುವವರಿದ್ದಾರೆ. ಪಂಪನನ್ನೂ ಕುಮಾರವ್ಯಾಸನನ್ನೂ ತರಗತಿಯಲ್ಲಿ ಹೇಗೆ ಓದುತ್ತೇವೋ ಹಾಗೆಯೇ ಇದನ್ನೂ ನೋಡಿ. ಕನ್ನಡ ಕಾವ್ಯ ಅಲ್ಲಿ ಕಾಲು ಬಂದು ಕುಣಿಯುತ್ತದೆ. ಅಲ್ಲದೆ ಎಲ್ಲವೂ ಪುರಾಣವಲ್ಲ. ಈ ಸೀಮೆಯಲ್ಲೇ ಹುಟ್ಟಿದ ಕುಮಾರರಾಮನ ಕಥೆಯೂ ದೊಡ್ಡಾಟವಾಗಿದೆ. ಕುರುಗೋಡಿನ ನೆರೆಯ ತಾಲ್ಲೂಕು ಕಂಪ್ಲಿ, ಹೊಳೆಯಾಚೆ ಗಂಗಾವತಿ ಕಡೆ ಕುಮ್ಮಟದುರ್ಗ. ಅವನ ತಂದೆ ಕಂಪಿಲರಾಯ. ಆಟದಲ್ಲಿ ಮಲತಾಯಿ ರತ್ನಾಜಿ ಅವನನ್ನು ಮೋಹಿಸುತ್ತಾಳೆ, ಅವನು ಒಪ್ಪದೆ ಆಪಾದನೆ ಹೊರುತ್ತಾನೆ. ‘ಪರನಾರಿ ಸಹೋದರ’ ಎಂಬ ಬಿರುದು ಅದರಿಂದ. ಕೊನೆಗೆ ದಿಲ್ಲಿಯ ಸೈನ್ಯದೊಡನೆ ಬಂದ ಮಾತಂಗಿಯ ಕೈಯಲ್ಲಿ ಸಾಯುತ್ತಾನೆ.

ಈ ಯುದ್ಧ ಏಕೆ ಆಯಿತು ಎಂಬುದನ್ನು ಇತಿಹಾಸ ಹೇಳುತ್ತದೆ. ಮಹಮ್ಮದ್ ಬಿನ್ ತುಘಲಕನ ಸೋದರತ್ತೆಯ ಮಗ ಬಹಾವುದ್ದೀನ್ ಗುರ್ಶಾಸ್ಪ್, ಸಾಗರದ ಅಧಿಕಾರಿಯಾಗಿದ್ದವನು, ಸುಲ್ತಾನನ ಮೇಲೆ ದಂಗೆ ಎದ್ದು ಸೋತು ಕಂಪ್ಲಿಗೆ ಓಡಿಬಂದ. ಕಂಪಿಲರಾಯ ಆಶ್ರಯ ಕೊಟ್ಟ. ಒಪ್ಪಿಸು ಎಂದರೆ ಒಪ್ಪಿಸಲಿಲ್ಲ. ಸೈನ್ಯ ಬಂದು ಮುತ್ತಿದಾಗ, ತನ್ನಿಂದ ಇನ್ನು ಕಾಯಲಾಗದೆಂದು ಅತಿಥಿಯನ್ನು ಇನ್ನೊಬ್ಬ ರಾಜನ ಬಳಿಗೆ ಕಳಿಸಿ, ತಾನು ಹೋರಾಡಿ ಸತ್ತ. ಅದು 1327ರ ಸುಮಾರು. ಕೆಲವೇ ವರ್ಷಗಳ ನಂತರ ಭಾರತಕ್ಕೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಪ್ರಸಂಗವನ್ನು ವಿವರವಾಗಿ ಬರೆದಿದ್ದಾನೆ. ಸೆರೆಯಾಗಿ ದಿಲ್ಲಿಗೆ ಹೋದ ಕಂಪಿಲರಾಯನ ಮಕ್ಕಳನ್ನು ತಾನು ಕಂಡದ್ದಾಗಿಯೂ ಹೇಳುತ್ತಾನೆ. ನಂಬಿ ಬಂದ ಒಬ್ಬ ಮುಸ್ಲಿಮನಿಗಾಗಿ ಕಂಪ್ಲಿಯ ಅರಸ ರಾಜ್ಯವನ್ನೇ ತೆತ್ತ. ಕನ್ನಡದ ಕುಮಾರರಾಮ ಕಾವ್ಯಗಳಲ್ಲಿ ಆ ಅತಿಥಿ ‘ಬಹಾದ್ದೂರ’ ಎಂಬ ಹೆಸರಿನಿಂದ ಉಳಿದುಕೊಂಡಿದ್ದಾನೆ. ನೀವು ನೋಡುವ ಆಟದಲ್ಲಿ ಆ ಭಾಗ ಇದೆಯೇ, ಬಿಟ್ಟಿದ್ದಾರೆಯೇ ಗಮನಿಸಿ. ಎರಡೂ ತಿಳಿಯತಕ್ಕ ಸಂಗತಿಯೇ.

ಕೂತಾಗ ಏನು ನೋಡಬೇಕು

ಮೊದಲು ಸ್ತುತಿ ಪದ್ಯಗಳು. ಆಮೇಲೆ ಇಬ್ಬರು ಹಿಡಿದ ಒಂದು ತೆರೆಯ ಹಿಂದೆ ಪಾತ್ರ ಬಂದು ನಿಲ್ಲುತ್ತದೆ. ಮೊದಲು ಗೆಜ್ಜೆಯ ಸದ್ದು, ಕಿರೀಟದ ತುದಿ. ತೆರೆ ಸರಿದಾಗ ಮುಖ. ಇಲ್ಲಿ ಅವಸರ ಬೇಡ, ಕಾಯಿಸುವುದೇ ಅದರ ಸೊಗಸು. ಆಗ ಸಾರಥಿ ಬಂದು ನೀನು ಯಾರು, ಎಲ್ಲಿಯವನು ಎಂದು ಕೇಳುತ್ತಾನೆ, ಪಾತ್ರ ತನ್ನ ಕುಲ, ಊರು, ಪರಾಕ್ರಮ ಎಲ್ಲ ಹೇಳಿಕೊಳ್ಳುತ್ತದೆ. ಹೊಸ ಪ್ರೇಕ್ಷಕನಿಗೆ ಸಾರಥಿಯೇ ಆಪ್ತ. ನಿಮಗೆ ಕೇಳಬೇಕೆನಿಸಿದ್ದನ್ನು ಅವನು ಕೇಳುತ್ತಾನೆ, ನಡುನಡುವೆ ಇಂದಿನ ಮಾತು, ಊರಿನ ಸುದ್ದಿ ಸೇರಿಸಿ ನಗಿಸುತ್ತಾನೆ.

ಹಾಡು ತಿಳಿಯಲಿಲ್ಲ ಎಂದು ಏಳಬೇಡಿ. ಭಾಗವತ ಮತ್ತು ಹಿಮ್ಮೇಳದವರು ಹಾಡಿದ್ದನ್ನೇ ನಟ ಕುಣಿತದಲ್ಲಿ ತೋರಿಸುತ್ತಾನೆ, ನಂತರ ಅದನ್ನೇ ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ಒಂದೇ ವಿಷಯ ಮೂರು ಸಲ ಬರುತ್ತದೆ. ಬಯಲಲ್ಲಿ ಮಗು ಅಳುತ್ತದೆ, ನಾಯಿ ಬೊಗಳುತ್ತದೆ, ಒಬ್ಬರು ಚಹಾಕ್ಕೆ ಎದ್ದು ಹೋಗುತ್ತಾರೆ. ಒಂದು ಸಲ ತಪ್ಪಿದರೆ ಇನ್ನೊಂದು ಸಲ ಸಿಗಲೆಂದೇ ಈ ಏರ್ಪಾಡು. ಮನೆಮಾತು ಕನ್ನಡವಲ್ಲದವರಿಗೆ ಇದರಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ.

ಇನ್ನು ಕೆಲವು ಸಣ್ಣ ಮಾತು. ಮನೆಯಲ್ಲಿ ಹೇಳಿ, ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ನಿಮ್ಮ ದಾದಾ, ನಾನಿಯರಿಗೆ ಈ ಆಟಗಳ ನೆನಪು ನಿಮಗಿಂತ ಹೆಚ್ಚು ಇರಬಹುದು. ಹೆಣ್ಣುಮಕ್ಕಳು ಮನೆಯ ಹೆಂಗಸರ ಜೊತೆ ಹೋದರೆ ಕೂರಲು ಒಂದು ಬದಿ ಜಾಗ ಸಿಗುತ್ತದೆ. ರಾತ್ರಿ ವಾಪಸ್ ಬಸ್ಸು ಇರುವುದಿಲ್ಲ, ನೆಂಟರ ಮನೆ ಇರುವ ಊರನ್ನೇ ಆರಿಸಿಕೊಳ್ಳಿ. ಚಾಪೆ, ನೀರಿನ ಬಾಟಲಿ, ಬೆಳಗಿನ ಜಾವದ ತಂಪಿಗೊಂದು ಹೊದಿಕೆ ಸಾಕು. ಫಜ್ರ್ ಅಜಾನ್ ಕೇಳುವ ಹೊತ್ತಿಗೆ ಆಟ ಮಂಗಳಕ್ಕೆ ಬಂದಿರುತ್ತದೆ.

ಮೊಬೈಲಿನ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಟ ಮಾತು ಮರೆತದ್ದನ್ನು, ಕಿರೀಟ ಜಾರಿದ್ದನ್ನು ಹಿಡಿದು ರೀಲ್ಸ್ ಮಾಡಿ ಹಂಚುವುದು ಈಗ ಸಾಮಾನ್ಯವಾಗಿದೆ. ಹಣ ಕೊಟ್ಟು, ನಿದ್ದೆ ಬಿಟ್ಟು ಕಲಿತವನ ಒಂದು ವರ್ಷದ ಶ್ರಮ ಹದಿನೈದು ಸೆಕೆಂಡಿನ ನಗೆಯಾಗಿ ಉಳಿಯುತ್ತದೆ. ಕಲಾವಿದೆಯರ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ರಂಗಗೀತೆಯಿಂದ ನಾಡಿಗೇ ಹೆಸರಾದರು. ಹೆಸರಾಗದೆ ಊರೂರು ತಿರುಗಿ ಪಾತ್ರ ಮಾಡುವವರು ಎಷ್ಟೋ ಮಂದಿ. ಅವರಿಗೆ ಆ ರಾತ್ರಿ ದುಡಿಮೆ, ಮನೆ ನಡೆಯುವುದು ಅದರಿಂದ. ಕೇಳದೆ ಅವರ ವಿಡಿಯೊ ಮಾಡಿ ಹಾಕುವುದು, ಸೀಟಿ ಹೊಡೆಯುವುದು ನಮ್ಮ ಕಾಲೇಜಿನ ವಿದ್ಯಾರ್ಥಿಯಿಂದ ಆಗಬಾರದು. ದಾಖಲಿಸುವ ಆಸೆ ಇದ್ದರೆ ಬೆಳಿಗ್ಗೆ ಮಾಸ್ತರರನ್ನು ಕಂಡು, ಅಪ್ಪಣೆ ಕೇಳಿ, ಅವರ ಮಾತನ್ನೇ ಅರ್ಧ ಗಂಟೆ ರೆಕಾರ್ಡ್ ಮಾಡಿಕೊಳ್ಳಿ.

ಹಾಗೆ ಕಂಡಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: ಆಟದ ಪ್ರತಿ ಎಲ್ಲಿದೆ? ಬಹಳ ಬಯಲಾಟಗಳು ಅಚ್ಚಾಗಿಲ್ಲ. ಮಾಸ್ತರರ ಕೈಬರಹದ ನೋಟ್‌ಬುಕ್ಕಿನಲ್ಲಿ, ಮೂಲೆಯ ಟ್ರಂಕಿನಲ್ಲಿ, ಗೆದ್ದಲು ಮತ್ತು ಮಳೆಯ ನಡುವೆ ಇರುತ್ತವೆ. ಮಾಸ್ತರರು ತೀರಿಕೊಂಡ ಮೇಲೆ ಮನೆಯವರು ರದ್ದಿಗೆ ಹಾಕಿದರೆ ಆ ಊರಿನ ಆಟ ಅಲ್ಲಿಗೆ ಮುಗಿಯಿತು. ನೋಟ್‌ಬುಕ್ ಕೇಳಬೇಡಿ, ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಅವರೆದುರೇ ಕೂತು ಒಂದೊಂದು ಪುಟದ ಫೋಟೊ ತೆಗೆದುಕೊಳ್ಳಲು ಒಪ್ಪಿಗೆ ಕೇಳಿ. ಆಟದ ಹೆಸರು, ಊರು, ಬರೆದ ವರ್ಷ, ಕಲಿಸಿದವರು, ಆ ವರ್ಷ ಯಾರು ಯಾವ ಪಾತ್ರ ಮಾಡಿದರು, ಪಟ್ಟಿ ಎಷ್ಟು ಎತ್ತಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ. ಮನೆಯವರು ಒಪ್ಪಿದರೆ ಅಲ್ಲಿಗೆ ತಿಳಿಸಬಹುದು. ಜೂನ್‌ನಲ್ಲಿ ಕಾಲೇಜು ಶುರುವಾದಾಗ ಆ ಹಾಳೆಗಳನ್ನು ಕನ್ನಡ ವಿಭಾಗಕ್ಕೆ ತನ್ನಿ. ಸಿರುಗುಪ್ಪದವರದು ಒಂದು ಕಡತ, ಕುರುಗೋಡಿನವರದು ಇನ್ನೊಂದು. ಬಳ್ಳಾರಿ ನಗರದವರಿಗೆ ಅಂಥ ನೋಟ್‌ಬುಕ್ ಸಿಗುವುದು ಕಷ್ಟ. ನೀವು ನಗರದ ಪೋಷಾಕು ಬಾಡಿಗೆಯ ಅಂಗಡಿಗಳಿಗೆ ಹೋಗಿ, ಈ ಬೇಸಿಗೆಯಲ್ಲಿ ಯಾವ ಯಾವ ಊರಿಗೆ ಕಿರೀಟ ಹೋಯಿತು ಎಂದು ಕೇಳಿ ಬರೆದುಕೊಂಡು ಬನ್ನಿ.